ಮುಚ್ಚಳ ಹಾಕುವ ಮೊದಲಿನ ಮುಕ್ಕಾಲು ಗಂಟೆ

ಪ್ರೀತಿಯ ಚಿನ್ನು,

ನೀನು ಇಟಲಿಯಿಂದ ಕಳಿಸಿದ ಬೀಫ್ ಸ್ಟ್ಯೂವಿನ ಫೋಟೊ ನೋಡಿದೆ. ನಿನ್ನ ಅಮ್ಮ, "ಪಾಪ, ಓದಿನ ನಡುವೆ ಇಷ್ಟಾದರೂ ಮಾಡಿಕೊಂಡಿದ್ದಾಳಲ್ಲ" ಅಂದಳು. ನಾನು ಅವಳೆದುರು ಸುಮ್ಮನಿದ್ದೆ. ನಿನಗೆ ಹೇಳುತ್ತೇನೆ: ಅದು ಸ್ಟ್ಯೂ ಅಲ್ಲ ಮಾರಾಯ್ತಿ, ಮಾಂಸ ತೊಳೆದ ನೀರು. ಬೇಜಾರು ಮಾಡಬೇಡ. ಇಪ್ಪತ್ತೆರಡು ವರ್ಷ ಹಡಗಿನ ಅಡುಗೆಮನೆಯಲ್ಲಿ ಬೆವರು ಸುರಿಸಿದ ಮಾವ ಇಷ್ಟೂ ಹೇಳದಿದ್ದರೆ ಇನ್ಯಾರು ಹೇಳಬೇಕು?

"ಬೆಳಿಗ್ಗೆ ಎಲ್ಲ ಸುರಿದು, ಸ್ವಿಚ್ ಹಾಕಿ ಕ್ಲಾಸಿಗೆ ಓಡಿದೆ" ಎಂದು ಬರೆದಿದ್ದಿ. ತಪ್ಪಾದದ್ದು ಅಲ್ಲೇ. ಸ್ಲೋ ಕುಕ್ಕರ್, ಅಂದರೆ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಆ ಕರೆಂಟಿನ ಮಡಕೆ, ನಿನ್ನ ಬದಲು ಕಾಯುತ್ತದೆ, ಅಷ್ಟೆ. ಅಡುಗೆ ನೀನೇ ಮಾಡಬೇಕು. ನೀರಿರುವ ಪಾತ್ರೆ ನೂರು ಡಿಗ್ರಿ ದಾಟುವುದಿಲ್ಲ. ಮಾಂಸ ಕೆಂಪಗಾಗಿ ಆ ಘಮ ಬರಬೇಕಾದರೆ ಸುಮಾರು 140 ಆದರೂ ಬೇಕು. ಹಾಗಾಗಿ ಬಣ್ಣವೂ ಘಮವೂ ಬಾಣಲೆಯಲ್ಲೇ ಬರಬೇಕು, ಆ ಮಡಕೆಯೊಳಗೆ ದಿನವಿಡೀ ಇಟ್ಟರೂ ಬರುವುದಿಲ್ಲ. ನನಗೆ ಇದು ಗೊತ್ತಾದದ್ದು ಬೈಗುಳ ತಿಂದು. ಹಡಗು ಸೇರಿದ ಮೊದಲ ವರ್ಷ ಇಪ್ಪತ್ತು ಕಿಲೋ ಬೀಫ್ ಹುರಿಯಲು ಉದಾಸೀನವಾಗಿ ನೇರ ನೀರಿಗೆ ಹಾಕಿದ್ದೆ. ಚೀಫ್ ಕುಕ್ ಒಂದು ಸೌಟು ಎತ್ತಿ, ನನ್ನ ಮುಖ ನೋಡಿ, ವಾಪಸು ಅದಕ್ಕೇ ಸುರಿದ. ಆ ರಾತ್ರಿ ಊಟದ ಕೋಣೆಯಲ್ಲಿ ಬ್ರೆಡ್ ಮಾತ್ರ ಖಾಲಿಯಾಯಿತು.

ಮೊದಲು ಮಾಂಸದ ವಿಷಯ. ದುಡ್ಡು ಹೆಚ್ಚು ಕೊಟ್ಟು ಮೆತ್ತನೆಯದು ತರಬೇಡ, ಎಂಟು ಗಂಟೆಯಲ್ಲಿ ಅದು ಹಿಂಡಿದ ಬಟ್ಟೆಯ ಹಾಗೆ ಒಣಗುತ್ತದೆ. ಅಂಗಡಿಯವನಲ್ಲಿ "ಮುಸ್ಕೊಲೊ" ಕೇಳು. ಕಾಲಿನ ಮಾಂಸ ಅದು, ನರ ನರವಾಗಿ ಇರುತ್ತದೆ, ಬೆಲೆಯೂ ಕಮ್ಮಿ. ನಿಧಾನ ಬೆಂದಾಗ ಆ ನರವೇ ಕರಗಿ ಸಾರಿಗೆ ಅಂಟು ಕೊಡುವುದು. ಅದಿಲ್ಲವಾದರೆ "ಕಪ್ಪೆಲ್ಲೊ ದೆಲ್ ಪ್ರೆತೆ", ಎಂದರೆ ಪಾದ್ರಿಯ ಟೋಪಿ! ಭುಜದ ಮಾಂಸದ ತುಂಡಿಗೆ ಈ ಹೆಸರು ಇಟ್ಟ ಪುಣ್ಯಾತ್ಮ ಯಾರೋ. ನಿನ್ನ ಅಜ್ಜಿ ಕೇಳಿದ್ದರೆ ಶಿಲುಬೆ ಗುರುತು ಮಾಡಿಕೊಳ್ಳುತ್ತಿದ್ದಳು.

ಒಂದು ಕಿಲೋ ತಂದರೆ ದೊಡ್ಡ ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡ ತುಂಡು ಮಾಡಿಸು. ಕಾಗದದಲ್ಲಿ ಒತ್ತಿ ಒಣಗಿಸು, ಉಪ್ಪು ಹಾಕು. ಬಾಣಲೆ ಚೆನ್ನಾಗಿ ಕಾಯಲಿ. ಒಂದೇ ಸಲ ಎಲ್ಲ ತುಂಬಿಸಿದರೆ ನೀರು ಬಿಟ್ಟು ಬೇಯುತ್ತದೆ, ಹುರಿಯುವುದಿಲ್ಲ. ಮೂರು ಸಲ ಮಾಡು. ತುಂಡು ತಾನಾಗಿ ತಳ ಬಿಡುವ ತನಕ ಕೆದಕಬೇಡ. ಆಮೇಲೆ ಅದೇ ಎಣ್ಣೆಗೆ ಸಣ್ಣಗೆ ಕೊಚ್ಚಿದ ನೀರುಳ್ಳಿ, ಕ್ಯಾರೆಟ್, ಸೆಲರಿ. ಅಲ್ಲಿಯವರು ಇದಕ್ಕೆ "ಸೊಫ್ರಿತ್ತೊ" ಅನ್ನುತ್ತಾರೆ. ನಮ್ಮ ನೀರುಳ್ಳಿ ಬಾಡಿಸುವ ಹಾಗೆಯೇ, ಅವಸರ ಬೇಡ. ಕೊನೆಗೆ ವೈನ್. ನೀನು ಹಸಿ ವೈನನ್ನೇ ಮಡಕೆಗೆ ಹೊಯ್ದದ್ದಕ್ಕೆ ಆ ಹುಳಿ ಬಂದದ್ದು. ಮುಚ್ಚಿದ ಪಾತ್ರೆಯಿಂದ ಅದು ಎಲ್ಲಿಗೆ ಹೋಗಬೇಕು? ಅರ್ಧ ಬಾಟಲಿಯನ್ನು ಬಾಣಲೆಯಲ್ಲೇ ಕುದಿಸಿ ಅರ್ಧಕ್ಕಿಳಿಸು, ತಳ ಹಿಡಿದದ್ದನ್ನು ಸೌಟಿನಲ್ಲಿ ಉಜ್ಜಿ ತೆಗೆ. ಇಡೀ ಸ್ಟ್ಯೂವಿನ ಜೀವ ಆ ತಳದಲ್ಲಿ ಉಂಟು. ತೊರಿನೊದಲ್ಲಿ (ಟ್ಯೂರಿನ್) ಕೂತು ಆ ಕಡೆಯ ದುಬಾರಿ ವೈನ್ ಬಾರೋಲೊ ತರಬೇಕೆಂದು ಆಸೆಯಾಗಬಹುದು, ನಿನ್ನ ಸ್ಕಾಲರ್‌ಶಿಪ್ ತಡೆಯುವುದಿಲ್ಲ. ಅಗ್ಗದ ಬಾರ್ಬೆರಾ ಸಾಕು.

ಮಡಕೆಯಲ್ಲಿ ಆಲೂಗಡ್ಡೆ, ಕ್ಯಾರೆಟ್ ತಳಕ್ಕೆ. ನಂಬು, ಅವು ಮಾಂಸಕ್ಕಿಂತ ತಡವಾಗಿ ಬೇಯುತ್ತವೆ. ಮೇಲೆ ಮಾಂಸ, ಬಾಣಲೆಯಲ್ಲಿ ಉಳಿದದ್ದೆಲ್ಲ, ಒಂದು ಡಬ್ಬಿ ಟೊಮೆಟೊ, ಒಂದು ಕಡ್ಡಿ ರೋಸ್ಮರಿ, ಎರಡು ಬೇ ಎಲೆ, ಜಜ್ಜಿದ ಬೆಳ್ಳುಳ್ಳಿ. ಪಾರ್ಮಿಜಾನೊ ಚೀಸ್ ತುರಿದು ಉಳಿದ ಗಟ್ಟಿ ಸಿಪ್ಪೆ ಇದ್ದರೆ ಬಿಸಾಡಬೇಡ, ಅದೂ ಒಳಗೆ. ನೀರು ಮಾತ್ರ ಕಮ್ಮಿ. ಆವಿ ಹೊರಗೆ ಹೋಗದ ಪಾತ್ರೆ ಇದು, ತರಕಾರಿಯೇ ಬೇಕಾದಷ್ಟು ಬಿಡುತ್ತದೆ. ಸ್ವಿಚ್ಚಿನ ‘ಲೋ’ ಗುರುತಿನಲ್ಲಿ, ಅಂದರೆ ಸಣ್ಣ ಬಿಸಿಯಲ್ಲಿ, ಎಂಟು ಗಂಟೆ. ಬಟಾಣಿ ಹಾಕುವುದಾದರೆ ಕೊನೆಯ ಅರ್ಧ ಗಂಟೆಗೆ. ನಡುವೆ ಮುಚ್ಚಳ ತೆಗೆದು ಇಣುಕಬೇಡ, ಸಣ್ಣಂದಿನಿಂದ ನಿನಗೆ ಆ ಚಾಳಿ ಉಂಟು. ಒಮ್ಮೆ ತೆಗೆದರೆ ಹೋದ ಬಿಸಿ ಮರಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು.

ಒಣ ಬೀನ್ಸ್ ಹಾಕಿದರೆ ಆಗುತ್ತದಾ ಎಂದು ಕೇಳಿದ್ದಿ. ಹಾಗೆಯೇ ಹಾಕಬೇಡ, ಇದು ರುಚಿಯ ಮಾತಲ್ಲ. ರಾಜ್ಮಾ, ಅಲ್ಲಿಯ ಬಿಳಿ ಬೀನ್ಸ್ ಕನ್ನೆಲ್ಲಿನಿ ಜಾತಿಯ ಹಸಿ ಕಾಳಿನಲ್ಲಿ ಹೊಟ್ಟೆ ಕೆಡಿಸುವ ವಿಷ ಇರುತ್ತದೆ, ಸ್ಲೋ ಕುಕ್ಕರಿನ ಸಣ್ಣ ಬಿಸಿಗೆ ಅದು ಸಾಯುವುದಿಲ್ಲ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿ ಆಮೇಲೆ ಹಾಕು. ಇಲ್ಲವಾದರೆ ಡಬ್ಬಿಯ ಬೆಂದ ಕಾಳು ತಾ. ಫ್ರೀಜರಿನ ಮಾಂಸವೂ ಪೂರ್ತಿ ಕರಗಿರಬೇಕು. ಹಿಂದಿನ ರಾತ್ರಿಯೇ ಮಾಂಸ ಅರೆಬರೆ ಹುರಿದಿಡುವ ಜಾಣತನವೂ ಬೇಡ. ರಾತ್ರಿ ತರಕಾರಿ ಹೆಚ್ಚಿಡು, ಬೆಳಿಗ್ಗೆ ಮುಕ್ಕಾಲು ಗಂಟೆ ಮುಂಚೆ ಏಳು.

ಈಗ ಕಾಳುಮೆಣಸಿನ ಕತೆ. ಒಮ್ಮೆ ಲಿವೊರ್ನೊ ಬಂದರಿನಲ್ಲಿ ಹಡಗು ರಿಪೇರಿಗೆ ನಿಂತಾಗ ಫ್ಲಾರೆನ್ಸಿಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಇಂಪ್ರುನೇತಾ ಎಂಬ ಊರಿಗೆ ಹೋದೆ. ಹಂಚು, ಇಟ್ಟಿಗೆ ಸುಡುವ ಊರು. ಫ್ಲಾರೆನ್ಸಿನ ದೊಡ್ಡ ಇಗರ್ಜಿಯ ಗುಮ್ಮಟ 1420ರಿಂದ 1436ರ ತನಕ ಏರುತ್ತಿದ್ದಾಗ ಗೂಡಿನ ಕೆಲಸದವರು ಮಣ್ಣಿನ ಪಾತ್ರೆಗೆ ಕಾಲಿನ ಮಾಂಸ, ಬೆಳ್ಳುಳ್ಳಿ, ಕೆಂಪು ವೈನ್, ಹಿಡಿ ಕಾಳುಮೆಣಸು ಹಾಕಿ ಗೂಡಿನ ಬಾಯಲ್ಲಿಟ್ಟು ಬೇಯಿಸುತ್ತಿದ್ದರಂತೆ. "ಪೆಪೋಸೊ" ಅದರ ಹೆಸರು. ಟೊಮೆಟೊ ಇಲ್ಲ, ಆಗ ಅದು ಯುರೋಪಿಗೇ ಬಂದಿರಲಿಲ್ಲ. ಕತೆ ಎಷ್ಟು ನಿಜವೋ, ಆದರೆ ನನ್ನ ಗಂಟಲು ಕಟ್ಟಿತು. ನಿನ್ನ ಅಜ್ಜ ನೇತ್ರಾವತಿ ದಡದ ಹಂಚಿನ ಕಾರ್ಖಾನೆಯಲ್ಲಿ ಗೂಡಿನ ಮುಂದೆಯೇ ಆಯುಷ್ಯ ಕಳೆದವರಲ್ಲವಾ. 1865ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಲ್ಲಿ ಹಂಚು ಸುಡಲು ಶುರು ಮಾಡಿದ ಮೇಲೆ ನಮ್ಮ ಎಷ್ಟು ಮನೆಗಳ ಅನ್ನ ಆ ಬೆಂಕಿಯಿಂದ ಬಂತು! ಅಜ್ಜನೂ ಬೂದಿಯಲ್ಲಿ ಗೆಣಸು ಹೂತು ತರುತ್ತಿದ್ದರು. ಮತ್ತೆ ಆ ಗುಮ್ಮಟದ ಕಾಲದಲ್ಲಿ ಇಟಲಿಗೆ ವೆನಿಸಿನ ಮೂಲಕ ಬರುತ್ತಿದ್ದ ಮೆಣಸು ನಮ್ಮ ಪಡುಕರಾವಳಿಯದ್ದೇ. ಅದಕ್ಕೇ ನಾನು ಸ್ಟ್ಯೂವಿಗೆ ಒಂದು ದೊಡ್ಡ ಚಮಚ ಮೆಣಸು ದಪ್ಪಗೆ ಜಜ್ಜಿ ಹಾಕುವುದು. ಪೇಟೆಯ ಪುಡಿ ಬೇಡ.

ಇನ್ನೊಂದು ಮಾತು. ನಿನ್ನ ಜತೆ ಇರುವ ಧಾರವಾಡದ ಹುಡುಗಿ ಮಾಂಸ ಮುಟ್ಟುವುದಿಲ್ಲ ಅಂದಿದ್ದಿ. ಎಂಟು ಗಂಟೆ ಮನೆಯಿಡೀ ಬೀಫಿನ ವಾಸನೆ ತುಂಬುತ್ತದೆ. ಅವಳು ಬಾಯಿಬಿಟ್ಟು ಬೇಡ ಅನ್ನಲಿಕ್ಕಿಲ್ಲ, ನೀನೇ ಮೊದಲು ಕೇಳು. ಅವಳು ಊರಿಗೋ ಲೈಬ್ರರಿಗೋ ಹೋಗುವ ದಿನ ನೋಡಿ ಮಾಡು. ಬಾಣಲೆ, ಸೌಟು ಬೇರೆ ಇರಲಿ, ಕಿಟಕಿ ತೆರೆದಿಡು.

ಉಳಿದದ್ದನ್ನು ರಾತ್ರಿಯಿಡೀ ಮಡಕೆಯಲ್ಲೇ ಬಿಡಬೇಡ. ಅಗಲ ಡಬ್ಬಿಗೆ ಹಾಕಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ. ಮರುದಿನ ಒಲೆಯ ಮೇಲೆ ಕುದಿಸಿ, ಪೊಲೆಂತಾ (ಮೆಕ್ಕೆಜೋಳದ ಗಟ್ಟಿ ಗಂಜಿ) ಮೇಲೆ ಸುರಿದುಕೊಂಡು ತಿನ್ನು. ಮೊದಲ ದಿನಕ್ಕಿಂತ ಅದೇ ರುಚಿ.

ಅಮ್ಮ ಪಾರ್ಸೆಲ್ ಕಟ್ಟುತ್ತಿದ್ದಾಳೆ. ಹಪ್ಪಳದ ನಡುವೆ ಕಾಲು ಕಿಲೋ ಮೆಣಸು ನಾನು ತುರುಕಿದ್ದೇನೆ, ನಮ್ಮ ಹಿತ್ತಲ ಹಲಸಿನ ಮರಕ್ಕೆ ಹಬ್ಬಿದ ಬಳ್ಳಿಯದ್ದು. ಜಜ್ಜಲು ಕಲ್ಲು ಅಲ್ಲೇ ಹುಡುಕಿಕೋ, ಪೋಸ್ಟಿನವರು ಕಲ್ಲಿಗೆ ತುಂಬಾ ದುಡ್ಡು ಹೇಳಿದರು.

ನಿನ್ನ
ಮಾವ