ಟ್ಯಾಂಕಿನ ಪಕ್ಕದ ಸಾಫ್ಟನರ್ ಉಪ್ಪು ಎಳೆಯದು

ಮಾನ್ಯ ಸಂಪಾದಕರೇ,

ರಾಯಚೂರಿನ ಹೊಸ ಬಡಾವಣೆಗಳಲ್ಲಿ ಮಾಳಿಗೆಯ ಮೇಲೆ ನೀರಿನ ಟ್ಯಾಂಕು, ಅದರ ಪಕ್ಕಕ್ಕೆ ಎದೆಯೆತ್ತರದ ಫೈಬರ್ ಸಿಲಿಂಡರ್, ಬುಡದಲ್ಲಿ ಉಪ್ಪಿನ ಡ್ರಮ್ಮು ಈಗ ಮಾಮೂಲು ನೋಟ. ಬೋರಿನ ಗಡಸು ನೀರನ್ನು ಮೆದು ಮಾಡಲೆಂದು ತಂದ ಸಾಫ್ಟನರ್ ಅದು. ತಿಂಗಳೊಳಗೆ ನಳದ ಬಾಯಿಗೆ ಮತ್ತೆ ಬಿಳಿ ಪೊರೆ ಕಟ್ಟುತ್ತದೆ, ಸಾಬೂನು ನೊರೆ ಬಿಡುವುದಿಲ್ಲ. ಡ್ರಮ್ಮಿನ ಮುಚ್ಚಳ ತೆಗೆದರೆ ಮೊದಲ ದಿನ ಸುರಿದ ಉಪ್ಪು ಇದ್ದಲ್ಲೇ ಇರುತ್ತದೆ. ಇಂಥ ಕಡೆ ಯಂತ್ರ ಕೆಟ್ಟಿರುವುದು ಅಪರೂಪ. ಅದನ್ನು ಜೋಡಿಸಿದ ಜಾಗ ತಪ್ಪಿರುತ್ತದೆ.

ಸಿಲಿಂಡರಿನೊಳಗಿನ ರೆಸಿನ್ ಎಂಬ, ರಾಗಿಕಾಳಿಗಿಂತ ಸಣ್ಣ ಹಳದಿ-ಕಂದು ಮಣಿಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಗಳು ತುಂಬಿದ ಮೇಲೆ ಉಪ್ಪುನೀರು ಹಾಯಿಸಿ ತೊಳೆಯಬೇಕು. ಆ ಉಪ್ಪುನೀರನ್ನು ಡ್ರಮ್ಮಿನಿಂದ ಎಳೆಯುವುದಕ್ಕೆ ಬೇರೆ ಪಂಪಿಲ್ಲ. ಸಿಲಿಂಡರಿನ ತಲೆಗಿರುವ ವಾಲ್ವಿನೊಳಗೆ ಒಂದು ಕಿರಿದಾದ ತೂತಿನಲ್ಲಿ ನೀರು ರಭಸದಿಂದ ನುಗ್ಗಿದಾಗ ಹುಟ್ಟುವ ಸೆಳೆತವೇ ಅದನ್ನು ಎಳೆಯಬೇಕು. ಇದಕ್ಕೆ ಸಾಮಾನ್ಯವಾಗಿ ಒಂದೂವರೆಯಿಂದ 2 ಬಾರ್ ಒತ್ತಡ ಬೇಕು. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್. ಮಾಳಿಗೆಯ ಟ್ಯಾಂಕಿನ ಪಕ್ಕದಲ್ಲೇ ಇಟ್ಟ ಸಾಫ್ಟನರಿಗೆ ಸಿಗುವ ಎತ್ತರ ಒಂದು ಮೀಟರ್, ಅಂದರೆ 0.1 ಬಾರ್. ನೀರು ಸಿಲಿಂಡರ್ ದಾಟಿ ಹೋಗುತ್ತದೆ, ಉಪ್ಪು ಮಾತ್ರ ಕದಲುವುದಿಲ್ಲ. ಕೆಳಗೆ ಅಂಗಳಕ್ಕೆ ಇಳಿಸಿದರೂ ಅರ್ಧ ಬಾರ್ ದಾಟುವುದು ಕಷ್ಟ.

ದಾರಿ ಎರಡಿವೆ. ಟ್ಯಾಂಕಿನಿಂದ ಇಳಿಯುವ ಪೈಪಿಗೆ ಪ್ರೆಷರ್ ಪಂಪು ಕೂಡಿಸಿ, ಅದರ ಮುಂದೆ ಸಾಫ್ಟನರ್ ಇಡುವುದು ಒಂದು. ಆಟೋಮ್ಯಾಟಿಕ್ ವಾಲ್ವಿಗೆ ಇದೇ ಸರಿ, ಏಕೆಂದರೆ ಅದು ರಾತ್ರಿ ಎರಡಕ್ಕೋ ಮೂರಕ್ಕೋ ತಾನೇ ತೊಳೆದುಕೊಳ್ಳುವಾಗ ಒತ್ತಡ ಇರಲೇಬೇಕು. ಸಂಪಿನ ಮೋಟಾರಿನಿಂದ ಟ್ಯಾಂಕಿಗೆ ಏರುವ ಪೈಪಿನಲ್ಲಿ ಕೂಡಿಸುವುದು ಇನ್ನೊಂದು. ಇಲ್ಲಿ ಆಟೋಮ್ಯಾಟಿಕ್ ಹಾಕಿಸಿದವರು ಮೋಸ ಹೋಗುತ್ತಾರೆ. ತೊಳೆಯುವ ಹೊತ್ತಿಗೆ ಮೋಟಾರು ಬಂದ್ ಆಗಿರುತ್ತದಲ್ಲ! ಕೈಯಿಂದ ತಿರುಗಿಸುವ ವಾಲ್ವು ಹಾಕಿಸಿ, ವಾರಕ್ಕೆರಡು ಸಲ ಮೋಟಾರು ಚಾಲೂ ಇಟ್ಟು ಒಂದು ತಾಸು ನಿಂತು ಮಾಡಿಕೊಂಡರೆ ಚೆನ್ನಾಗಿ ನಡೆಯುತ್ತದೆ. ಕರೆಂಟು ಹೋಗಿ ಬರುವ ನಮ್ಮ ಊರುಗಳಿಗೆ ನಾನು ಇದನ್ನೇ ಹೇಳುತ್ತೇನೆ. ಆಟೋಮ್ಯಾಟಿಕ್ ವಾಲ್ವು ಅರ್ಧ ತೊಳೆಯುವಾಗ ಕರೆಂಟು ಹೋದರೆ ಅಲ್ಲೇ ನಿಲ್ಲುತ್ತದೆ, ಬೆಳಿಗ್ಗೆ ಬಚ್ಚಲಲ್ಲಿ ಉಪ್ಪುನೀರು ಬರಬಹುದು. ಏರುಪೈಪಿನಲ್ಲಿ ಕೂಡಿಸಿದರೆ ಮೋಟಾರಿನ ವೇಗವನ್ನೂ ನೋಡಬೇಕು. 25 ಲೀಟರ್ ರೆಸಿನ್ ತಾಸಿಗೆ ಸುಮಾರು 1,000 ಲೀಟರ್ ತಾಳುತ್ತದೆ. ಅರ್ಧ ಎಚ್‌ಪಿ ಮೋಟಾರು ಅದರ ಎರಡು ಪಟ್ಟು ತಳ್ಳಬಲ್ಲದು. ಬಾಲ್ ವಾಲ್ವಿನಿಂದ ತಗ್ಗಿಸದಿದ್ದರೆ ಗಡಸು ನೀರು ಹಾಗೇ ನುಸುಳುತ್ತದೆ.

ಜೋಡಣೆಯಲ್ಲಿ ಮೊದಲು ಕಸ ತಡೆಯುವ ಫಿಲ್ಟರ್, ನಂತರ ಬೇಕೆಂದಾಗ ಸಾಫ್ಟನರ್ ಬಿಟ್ಟು ನೀರು ಹಾಯಿಸಲು ಮೂರು ಬಾಲ್ ವಾಲ್ವುಗಳ ಬೈಪಾಸ್ ಬೇಕು: ಒಳಬರುವುದಕ್ಕೊಂದು, ಹೊರಹೋಗುವುದಕ್ಕೊಂದು, ನಡುವೆ ಒಂದು. ಎರಡೂ ಬದಿಗೆ ಬಿಚ್ಚಿ ಜೋಡಿಸಬಹುದಾದ ಯೂನಿಯನ್ ಇಲ್ಲದಿದ್ದರೆ ರಿಪೇರಿಗೆ ಪೈಪು ಕೊಯ್ಯಬೇಕಾಗುತ್ತದೆ. ಗೀಸರಿನ ಬಿಸಿನೀರು ಹಿಂದಕ್ಕೆ ಬಂದು ವಾಲ್ವಿನ ಪ್ಲಾಸ್ಟಿಕ್ ಹಾಳು ಮಾಡದಂತೆ ಹೊರದಾರಿಯಲ್ಲಿ ಒಂದು ಎನ್‌ಆರ್‌ವಿ, ಅಂದರೆ ನೀರನ್ನು ಒಂದೇ ಕಡೆಗೆ ಬಿಡುವ ವಾಲ್ವು ಇರಲಿ. ಸಿಪಿವಿಸಿ ಪ್ಲಾಸ್ಟಿಕ್ ಪೈಪಿನ ಜೋಡಿಗೆ ಸಾಲ್ವೆಂಟ್ ಹಚ್ಚಿ ಒಣಗಿದ ಮೇಲೆಯೇ ಸಾಫ್ಟನರಿಗೆ ಬಿಗಿಯಬೇಕು, ಗೋಂದು ಒಳಗೆ ಇಳಿದರೆ ವಾಲ್ವು ಹಿಡಿದುಕೊಳ್ಳುತ್ತದೆ. ರೆಸಿನ್ ಸುರಿಯುವಾಗ ಸಿಲಿಂಡರಿನ ನಡುಕೊಳವೆಯ ಬಾಯಿಗೆ ಟೇಪು ಸುತ್ತಿ, ಸಿಲಿಂಡರಿನ ಮೇಲೆ ಮೂರನೇ ಒಂದು ಭಾಗ ಖಾಲಿ ಬಿಡಿ. ಟೇಪು ಮರೆತರೆ ಅಡುಗೆಮನೆಯ ನಳದಲ್ಲಿ ಹಳದಿ ಮಣಿಗಳು ಬೀಳುತ್ತವೆ. ನಮ್ಮ ಬೇಸಿಗೆಗೆ ನೆರಳು ಕಡ್ಡಾಯ.

ತೊಳೆದ ಉಪ್ಪುನೀರು ಹೊರಹೋಗುವ ಡ್ರೈನ್ ಪೈಪಿನ ತುದಿಯನ್ನು ಕೊಳಚೆ ಚೇಂಬರಿನೊಳಗೆ ತುರುಕಬೇಡಿ. ಎರಡು ಇಂಚು ಮೇಲೆ ನಿಲ್ಲಿಸದಿದ್ದರೆ ಒತ್ತಡ ಬಿದ್ದಾಗ ಕೊಳಚೆ ಹಿಂದಕ್ಕೆ ಸೆಳೆಯಬಹುದು. ಆ ನೀರನ್ನು ತೆಂಗಿನ ಬುಡಕ್ಕೂ ಬಿಡಬೇಡಿ. ಸೋಡಿಯಂ ಎರೆಮಣ್ಣಿಗೆ ಸೇರಿದರೆ ಏನಾಗುತ್ತದೆಂದು ಸವಳು ಹತ್ತಿದ ಹೊಲ ಕಂಡ ನಮ್ಮ ಕಾಲುವೆ ಭಾಗದವರಿಗೆ ಹೇಳಬೇಕಿಲ್ಲ. ಕೆಲವರು ಅದನ್ನು ಬೋರಿನ ಇಂಗುಗುಂಡಿಗೇ ಬಿಡುತ್ತಾರೆ. ಅಂಗಡಿಯಿಂದ ತಂದ ಉಪ್ಪನ್ನು ತಮ್ಮ ಬೋರಿಗೇ ಸುರಿದಂತೆ.

ಲೆಕ್ಕ ಹೀಗೆ ಹಾಕಿ. ಒಂದು ಲೀಟರ್ ರೆಸಿನ್ ಅಂದಾಜು 50 ಗ್ರಾಂ ಗಡಸುತನ ಹಿಡಿಯುತ್ತದೆ, 25 ಲೀಟರಿಗೆ 1,250 ಗ್ರಾಂ. ನೀರಿನ ಗಡಸುತನ ಲೀಟರಿಗೆ 600 ಮಿಲಿಗ್ರಾಂ ಇದ್ದರೆ ಸುಮಾರು 2,080 ಲೀಟರ್ ನೀರು ಮೆದುವಾಗುತ್ತದೆ. ಹರಿದ ನೀರನ್ನು ಅಳೆದು ತಾನೇ ತೊಳೆದುಕೊಳ್ಳುವ ಮೀಟರ್ ವಾಲ್ವನ್ನು 1,900 ಲೀಟರಿಗೆ ಇಡಿ. ದಿನಕ್ಕೆ 500 ಲೀಟರ್ ಬಳಸುವ ಮನೆಗೆ ಹೆಚ್ಚುಕಡಿಮೆ ನಾಲ್ಕು ದಿನಕ್ಕೊಮ್ಮೆ ತೊಳೆಯಬೇಕು, ಪ್ರತಿ ಸಲ ಸುಮಾರು 3 ಕಿಲೋ ಉಪ್ಪು. ಮಣ್ಣು ಬೆರೆತ ಕಲ್ಲುಪ್ಪು ಅಗ್ಗವೆಂದು ಹಾಕಿದರೆ ಆ ಕಿರಿತೂತು ಕಟ್ಟುತ್ತದೆ. ಮಾತ್ರೆ ಉಪ್ಪೇ ವಾಸಿ.

ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಒಟ್ಟು ಲವಣದ ಪ್ರಮಾಣ, ಅಳೆಯುವ ಮೀಟರ್ ಅದ್ದಿ ತೋರಿಸುವ ಮಾರಾಟಗಾರರನ್ನು ನಂಬಬೇಡಿ. ಸಾಫ್ಟನರ್ ಟಿಡಿಎಸ್ ಇಳಿಸುವುದಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿಯ ಎಷ್ಟೋ ಬೋರುಗಳಲ್ಲಿರುವ ಫ್ಲೋರೈಡನ್ನೂ ತೆಗೆಯುವುದಿಲ್ಲ. 600 ಮಿಲಿಗ್ರಾಂ ಗಡಸುತನ ಹೋದ ಕಡೆ ಲೀಟರಿಗೆ ಸುಮಾರು 276 ಮಿಲಿಗ್ರಾಂ ಸೋಡಿಯಂ ಸೇರಿರುತ್ತದೆ. ಬಿಪಿ ಇರುವವರು ಅದನ್ನೇ ಕುಡಿಯುವುದು ಬೇಡ. ಬಚ್ಚಲು, ವಾಷಿಂಗ್ ಮಷೀನು, ಗೀಸರಿಗೆ ಮೆದುನೀರು ಕೊಡಿ. ಅಡುಗೆಮನೆಗೆ ನದಿಯ ನಳದ ನೀರಿನ ಪೈಪು ಬೇರೆಯೇ ಇರಲಿ, ಬೋರಿನ ನೀರನ್ನೇ ಕುಡಿಯಬೇಕಾದಲ್ಲಿ ಆರ್‌ಒ ಹಾಕಿಸಿ. ನದಿನೀರನ್ನೂ ಬೋರನ್ನೂ ಒಂದೇ ಸಂಪಿಗೆ ಬಿಟ್ಟರೆ ಗಡಸುತನ ದಿನಕ್ಕೊಂದಾಗಿ ಮೀಟರಿನ ಲೆಕ್ಕವೇ ತಪ್ಪುತ್ತದೆ.

ಮಾರುವವರಿಗೆ ಒಂದೇ ಕೋರಿಕೆ: ನೀರಿನ ಗಡಸುತನ, ರೆಸಿನ್ ಎಷ್ಟು ಲೀಟರ್, ಒಂದು ಸಲಕ್ಕೆ ಎಷ್ಟು ಉಪ್ಪು, ಕೂಡಿಸುವ ಜಾಗದಲ್ಲಿ ಅಳೆದ ಒತ್ತಡ ಎಷ್ಟು, ಈ ನಾಲ್ಕನ್ನು ಬಿಲ್ಲಿನ ಮೇಲೆ ಬರೆದುಕೊಡಲಿ. ಗ್ರಾಹಕರೂ ಇದನ್ನು ಕೇಳಿ ಪಡೆಯದೆ ಹಣ ಕೊಡಬಾರದು.

ಒಬ್ಬ ಪ್ಲಂಬಿಂಗ್ ಮೇಸ್ತ್ರಿ, ರಾಯಚೂರು