ಡಿ ಡ್ರೈವಿನಲ್ಲಿದ್ದ ಅಜ್ಜನ ಮನೆ

ಹೊಸನಗರ

ಚಿ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಮಳೆ ಹಿಡಿದು ಹತ್ತು ದಿನವಾಯಿತು. ಅಡಿಕೆಗೆ ಕೊಳೆ ಔಷಧಿ ಹೊಡೆಯುವುದಕ್ಕೂ ಹೊಳವಾಗುತ್ತಿಲ್ಲ. ಅಜ್ಜಿ ಬಚ್ಚಲೊಲೆಯ ಮುಂದಿನಿಂದ ಏಳುವುದೇ ಇಲ್ಲ. ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ಕೇಳಿದ ಮೇಲೆ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ, ಅದಕ್ಕೇ ಈ ಕಾಗದ. ಇದನ್ನು ಎದುರಿಗೆ ಇಟ್ಟುಕೊಂಡೇ ಕೆಲಸ ಮಾಡು.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಬೆಂಬಲ ನಿಂತಿದೆ, ನಿನ್ನ ಲ್ಯಾಪ್‌ಟಾಪಿಗೆ 11 ಹಿಡಿಸುವುದಿಲ್ಲ, ಹಾಗಾಗಿ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಹಾಕುತ್ತೇನೆ ಅಂದೆ. ಒಳ್ಳೆಯದೇ. ನಮ್ಮ ವಂಶಾವಳಿ ಇರುವ ಗ್ರಾಂಪ್ಸ್ ತಂತ್ರಾಂಶ ಲಿನಕ್ಸಿನಲ್ಲೂ ಸಿಗುತ್ತದೆ, ದುಡ್ಡೂ ಕೊಡಬೇಕಾಗಿಲ್ಲ. ಆದರೆ "ಫೈಲ್ ಕಾಪಿ ಮಾಡ್ಕೊಂಡು ಭಾನುವಾರ ಫಾರ್ಮ್ಯಾಟ್ ಮಾಡ್ತೀನಿ" ಅಂದೆಯಲ್ಲ, ಅಲ್ಲಿ ಎದೆ ಧಸಕ್ಕೆಂದಿತು.

ಗ್ರಾಂಪ್ಸಿನ ಒಳಗೆ ನಮ್ಮ ಒಂದು ಫೋಟೋನೂ ಇಲ್ಲ ಪುಟ್ಟಿ. ಅದು ಇಟ್ಟುಕೊಂಡಿರುವುದು ಫೋಟೋ ಇರುವ ಜಾಗದ ವಿಳಾಸವನ್ನು ಮಾತ್ರ. ಫೋಟೋ ಬೇರೆಲ್ಲೋ ಒಂದು ಫೋಲ್ಡರಿನಲ್ಲಿರುತ್ತದೆ.

ಇದು ನನಗೆ ಗೊತ್ತಾದದ್ದು ಕಳೆದುಕೊಂಡ ಮೇಲೆ. ನಾಲ್ಕು ವರ್ಷದ ಹಿಂದೆ ನಾನು ಹಳೆ ಕಂಪ್ಯೂಟರ್ ಬಿಡುವಾಗ ವಂಶಾವಳಿಯನ್ನು ಜೆಡ್‌ಕಾಮ್ ಎಂಬ ರೂಪದ ಫೈಲ್ ಮಾಡಿ ಪೆನ್ ಡ್ರೈವಿಗೆ ಹಾಕಿಕೊಂಡೆ. ಹೊಸದರಲ್ಲಿ ತೆರೆದರೆ 312 ಜನರ ಹೆಸರೂ ಬಂತು, ಯಾರು ಯಾರ ಮಗ, ಯಾರನ್ನು ಯಾವ ಊರಿಗೆ ಕೊಟ್ಟಿದ್ದು, ಎಲ್ಲ ಸರಿಯಾಗಿತ್ತು. ಖುಷಿಯಿಂದ ಹಳೆಯದನ್ನು ಅಳಿಸಿಸಿ ಕೊಟ್ಟುಬಿಟ್ಟೆ. ವಾರ ಬಿಟ್ಟು ಅಜ್ಜನ ಹೆಸರು ಒತ್ತಿದರೆ ಫೋಟೋ ಇರಬೇಕಾದಲ್ಲಿ ಬರೀ ಖಾಲಿ ಚೌಕ. ಕೆಳಗೆ ವಿಳಾಸ ಮಾತ್ರ ಹಾಗೇ ಇತ್ತು: ಡಿ:\ಫೋಟೋ\ಅಜ್ಜನಮನೆ. ಹೊಸ ಕಂಪ್ಯೂಟರಿನಲ್ಲಿ ಡಿ ಡ್ರೈವೇ ಇರಲಿಲ್ಲ.

ಹೆಚ್ಚಿನವನ್ನು ಆಲ್ಬಮ್ಮಿನಿಂದ ತೆಗೆದು ಮತ್ತೆ ಸ್ಕ್ಯಾನ್ ಮಾಡಿಸಿದೆ. ಒಂದನ್ನು ಆಗಲಿಲ್ಲ. ಹಳೆ ಮನೆಯ ಜಗಲಿಯ ಮೇಲೆ ಅಜ್ಜ ಕಂಬ ಹಿಡಿದು ನಿಂತಿದ್ದು, ಪಕ್ಕದಲ್ಲಿ ಮಡಿಸಿದ ಕಂಬಳಿ. ಆ ಫೋಟೋ ಥಂಡಿಗೆ ಫ್ರೇಮಿನ ಗಾಜಿಗೆ ಅಂಟಿ ಬೂಷ್ಟು ಹಿಡಿದಿತ್ತು. ಸ್ಕ್ಯಾನ್ ಇದೆಯಲ್ಲ ಎಂಬ ಧೈರ್ಯದಲ್ಲಿ ಅದನ್ನು ಮೊದಲೇ ಎಸೆದಿದ್ದೆವು. ಆ ಮನೆಯದು ಅದೊಂದೇ ಫೋಟೋ ಇದ್ದದ್ದು.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ನೀರು ತುಂಬಿದ ಮೇಲೂ ಕೆಲವರು ನಮಗೆ ಹಳೆ ಊರಿನ ವಿಳಾಸಕ್ಕೇ ಕಾಗದ ಬರೆಯುತ್ತಿದ್ದರಂತೆ. ಅಜ್ಜಿ ಈಗಲೂ ಹೇಳುತ್ತಿರುತ್ತಾಳೆ. ವಿಳಾಸದಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ, ಆ ಊರೇ ಇರಲಿಲ್ಲ. ಮುಳುಗಡೆಯಲ್ಲಿ ಮನೆ ಹೋಯಿತು, ಅದರ ಫೋಟೋ ನನ್ನ ಕೈಯಿಂದ ಹೋಯಿತು. ಇನ್ನೊಂದು ಹೋಗಬಾರದು.

ಈಗ ಮಾಡಬೇಕಾದ್ದು ಕೇಳು. ವಿಂಡೋಸ್ ಇರುವಾಗಲೇ ಮೊದಲು ಎಲ್ಲ ಫೋಟೋಗಳನ್ನೂ ಒಂದೇ ಫೋಲ್ಡರಿಗೆ ತಾ. ನಿನ್ನವು ಡೆಸ್ಕ್‌ಟಾಪಿನಲ್ಲಿ ಕೆಲವು, ವಾಟ್ಸ್ಯಾಪಿನಿಂದ ಇಳಿದ ಕಡೆ ಕೆಲವು ಇರುತ್ತವೆ, ಅಲ್ವಾ? ಫೋಟೋ ಜಾಗ ಬದಲಿಸಿದ ಮೇಲೆ ಗ್ರಾಂಪ್ಸಿಗೂ ಹೇಳಬೇಕು. ಅದರ ಟೂಲ್ಸ್‌ನಲ್ಲಿ ಮೀಡಿಯಾ ಮ್ಯಾನೇಜರ್ ಅಂತ ಇದೆ. ಹಳೆ ವಿಳಾಸದ ತುಂಡು ಕೊಟ್ಟು ಹೊಸದನ್ನು ಕೊಟ್ಟರೆ ಎಲ್ಲ ಫೋಟೋಗಳ ವಿಳಾಸವನ್ನೂ ಒಟ್ಟಿಗೆ ತಿದ್ದುತ್ತದೆ. ಪೂರ್ತಿ ವಿಳಾಸವನ್ನು ಅರ್ಧ ವಿಳಾಸ ಮಾಡುವುದೂ ಅದರಲ್ಲೇ. ಅರ್ಧ ವಿಳಾಸವೆಂದರೆ, ಮೂಲ ಫೋಲ್ಡರ್ ಯಾವುದೆಂದು ಸೆಟ್ಟಿಂಗ್ಸಿನಲ್ಲಿ ಒಮ್ಮೆ ಹೇಳಿಬಿಡುವುದು, ಪ್ರತಿ ಫೋಟೋಗೂ ಅಲ್ಲಿಂದ ಮುಂದಿನ ದಾರಿ ಮಾತ್ರ ಬರೆಯುವುದು. ಆಮೇಲೆ ಯಾವ ಕಂಪ್ಯೂಟರಿಗೆ ಹೋದರೂ ಆ ಒಂದು ಸಾಲು ಬದಲಿಸಿದರೆ ಸಾಕು.

ಲಿನಕ್ಸಿನಲ್ಲಿ ಸಿ, ಡಿ ಎಂಬ ಡ್ರೈವುಗಳೇ ಇಲ್ಲ. ವಿಳಾಸದ ನಡುವಿನ ಓರೆ ಗೆರೆಯೂ ಆಚೆ ಕಡೆ ವಾಲುತ್ತದೆ, /ಹೋಮ್/ಪುಟ್ಟಿ/ವಂಶಾವಳಿ ಎಂಬ ಹಾಗೆ. ಜಾಸ್ತಿ ಕಾಡುವುದು ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ. ಕ್ಯಾಮೆರಾ ಫೋಟೋ ಹೆಸರಿನ ಕೊನೆಯ ಜೆಪಿಜಿಯನ್ನು ದೊಡ್ಡಕ್ಷರದಲ್ಲಿ ಹಾಕಿದ್ದು, ನಾವು ಸಣ್ಣಕ್ಷರದಲ್ಲಿ ಬರೆದಿದ್ದರೆ ವಿಂಡೋಸ್ ಎರಡೂ ಒಂದೇ ಎಂದು ಸುಮ್ನೆ ತೆರೆಯುತ್ತದೆ. ಲಿನಕ್ಸ್ ಅವೆರಡನ್ನೂ ಬೇರೆ ಬೇರೆ ಫೈಲ್ ಎಂದೇ ತಿಳಿಯುತ್ತದೆ. ಫೋಟೋ ಕಣ್ಣೆದುರೇ ಇದ್ದರೂ ಇಲ್ಲ ಎನ್ನುತ್ತದೆ.

ಸಾಗಿಸುವಾಗ ನನ್ನ ಹಾಗೆ ಬರೀ ಜೆಡ್‌ಕಾಮ್ ನೆಚ್ಚಬೇಡ. ಅದು ಅಮೆರಿಕದ ಮಾರ್ಮನ್ ಚರ್ಚಿನವರು 1984ರಲ್ಲಿ ಹೊರತಂದ ರೂಪ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೆಸರು, ನಂಟು ಸಾಗಿಸಲು ಒಳ್ಳೆಯದು, ಆದರೆ ಫೋಟೋ ಒಯ್ಯುವುದಿಲ್ಲ. 2021ರ 7ನೇ ಆವೃತ್ತಿಯಲ್ಲಿ ಫೋಟೋಗಳನ್ನೂ ಒಟ್ಟಿಗೆ ಕಟ್ಟುವ ದಾರಿ ಬಂದಿದೆ. ನಮಗೆ ಅದರ ಹಂಗೂ ಬೇಡ, ಎರಡು ಕಡೆಯೂ ಗ್ರಾಂಪ್ಸೇ ಇರುವುದರಿಂದ ಅದರದೇ ಪ್ಯಾಕೇಜ್ ಸಾಕು. ಎಕ್ಸ್‌ಪೋರ್ಟ್ ಮಾಡುವಾಗ ಮೀಡಿಯಾ ಸೇರಿದ ಎಕ್ಸ್‌ಎಂಎಲ್ ಪ್ಯಾಕೇಜ್ ಎಂಬುದನ್ನೇ ಆರಿಸು. ವಂಶಾವಳಿಯೂ ಫೋಟೋಗಳೂ ಒಂದೇ ಗಂಟಾಗಿ ಬರುತ್ತವೆ. ಲಿನಕ್ಸಿನಲ್ಲಿ ಖಾಲಿ ವಂಶವೃಕ್ಷವೊಂದನ್ನು ತೆರೆದು ಅದಕ್ಕೆ ಇಂಪೋರ್ಟ್ ಮಾಡು. ಗಂಟು ಇದೆಯೆಂದು ಫೋಟೋ ಫೋಲ್ಡರನ್ನು ಬಿಡಬೇಡ, ಅದನ್ನೂ ಬೇರೆಯಾಗಿ ಕಾಪಿ ಮಾಡಿಕೋ.

ಹೇಳಲು ಮರೆತೆ. ನಿನ್ನಪ್ಪ ಹಿಂದೆ ಕನ್ನಡ ಬರೆಯುವ ನುಡಿ ತಂತ್ರಾಂಶದ ಹಳೆ ಫಾಂಟಿನಲ್ಲಿ ಬರೆದಿಟ್ಟ ಟಿಪ್ಪಣಿಗಳಿವೆ. ಅವು ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಹೆದರಿ ಅಳಿಸಿಬಿಟ್ಟೀಯ! ಅವನ್ನು ವಿಂಡೋಸಿನಲ್ಲೇ ಯೂನಿಕೋಡಿಗೆ ಪರಿವರ್ತಿಸಿ, ಒಂದು ಪುಟವನ್ನಾದರೂ ಪೂರ್ತಿ ಓದಿ ನೋಡು. ಒತ್ತಕ್ಷರ ಕೆಲವು ಕಡೆ ಕೆಟ್ಟಿರುತ್ತದೆ.

ಭಾನುವಾರ ಫಾರ್ಮ್ಯಾಟ್ ಮಾಡಬೇಡ. ಹಳೆ ಹಾರ್ಡ್ ಡಿಸ್ಕ್ ಬಿಚ್ಚಿಸಿ ಇಟ್ಟು, ಹೊಸದೊಂದು ಹಾಕಿಸಿ ಅದರ ಮೇಲೆ ಮಿಂಟ್ ಹಾಕಿಕೋ. ಖರ್ಚು ನಾನು ಕೊಡುತ್ತೇನೆ, ಸಂಕೋಚ ಬೇಡ. ಆಮೇಲೆ ಒಂದೊಂದೇ ಹೆಸರು ತೆರೆದು ಮುಖ ಕಾಣುತ್ತದಾ ಎಂದು ಕಣ್ಣಾರೆ ನೋಡು. ಎರಡು ಸಂಜೆ ಹಿಡಿಯಬಹುದು, ಹಿಡಿಯಲಿ.

ಚೌತಿಗೆ ಬರುವಾಗ ಹಳೆ ಡಿಸ್ಕನ್ನೂ ತಾ, ನನ್ನ ಬೀರುವಿನಲ್ಲಿರಲಿ. ಲ್ಯಾಪ್‌ಟಾಪನ್ನೂ ತಾ. ನಿನ್ನ ಅತ್ತೆಯ ಮದುವೆ ಫೋಟೋದಲ್ಲಿ ಹಿಂದಿನ ಸಾಲಿನ ಎಡಗಡೆ ನಿಂತ ಇಬ್ಬರು ಹೆಂಗಸರ ಹೆಸರು ಇನ್ನೂ ಬರೆದಿಲ್ಲ. ದೊಡ್ಡದು ಮಾಡಿ ತೋರಿಸಿದರೆ ಅಜ್ಜಿಗೆ ಗುರುತು ಸಿಗುತ್ತದೆ.

ಇಂತಿ,
ನಿನ್ನ ದೊಡ್ಡಪ್ಪ