ತರಗತಿ ಸಹಾಯಕಿಯರನ್ನೂ ತರಬೇತಿಗೆ ಕರೆಯಿರಿ

ಮಾನ್ಯ ಸಂಪಾದಕರೇ,

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಅನೇಕ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಮತ್ತು ಸಣ್ಣ ತರಗತಿಗಳಿಗೆ ಸಹಾಯಕಿಯರನ್ನು ನೇಮಿಸಿಕೊಳ್ಳುತ್ತಾರೆ. ‘ಮಕ್ಕಳು ಗಲಾಟೆ ಮಾಡದಂತೆ ನೋಡ್ಕೊಳ್ಳಿ’ ಎಂಬ ಮಾತು ಬಿಟ್ಟರೆ ಅವರಿಗೆ ಬೇರೇನೂ ಹೇಳಿರುವುದಿಲ್ಲ. ಹಾಗಾಗಿ ಅವರು ಕೂಗುತ್ತಾರೆ, ಇಲ್ಲವೇ ‘ಮಿಸ್‌ಗೆ ಹೇಳ್ತೀನಿ’ ಎಂದು ಹೆದರಿಸುತ್ತಾರೆ. ಎರಡನೆಯದರಿಂದ ಕೆಡುಕು ಹೆಚ್ಚು. ಇವರ ಮಾತು ಕೇಳದಿದ್ದರೂ ನಡೆಯುತ್ತದೆ ಎಂಬುದು ಮಕ್ಕಳಿಗೆ ವಾರದೊಳಗೆ ಗೊತ್ತಾಗಿಬಿಡುತ್ತದೆ.

ಶಾಲೆ ಶುರುವಾದ ವಾರವೇ ತರಗತಿ ಶಿಕ್ಷಕಿ ಮತ್ತು ಸಹಾಯಕಿ ಅರ್ಧ ಗಂಟೆ ಕೂತು ಮಾತಾಡಿಕೊಳ್ಳಬೇಕು. ಜಾಗ ಬದಲಿಸಿ ಕೂರಿಸುವುದು, ನೀರು ಕುಡಿಯಲು ಕಳಿಸುವುದು, ಐದು ನಿಮಿಷ ಬೇರೆ ಕೆಲಸ ಕೊಡುವುದು ಸಹಾಯಕಿಯ ತೀರ್ಮಾನಕ್ಕಿರಲಿ. ಹೊಡೆದಾಟ, ಗಾಯ, ಗೇಟು ದಾಟಿದ್ದು, ಪೋಷಕರಿಗೆ ತಿಳಿಸಬೇಕಾದ್ದು ಶಿಕ್ಷಕಿಗೆ ಹೋಗಲಿ. ನಿಯಮ ಮೂರೋ ನಾಲ್ಕೋ ಸಾಕು, ಆದರೆ ಇಬ್ಬರ ಬಾಯಲ್ಲೂ ಅವೇ ಮಾತು ಬರಬೇಕು.

ಪಾಠದ ಹೊತ್ತಿನಲ್ಲಿ ಸಹಾಯಕಿ ಎಲ್ಲ ಮಕ್ಕಳ ಕೈ ಕಾಣುವಂತೆ ಹಿಂದೆ ನಿಲ್ಲಬೇಕು. ಮಗು ಚಡಪಡಿಸಲು ಶುರುಮಾಡಿದೊಡನೆ ಹತ್ತಿರ ಹೋಗಿ, ಮಾತಿಲ್ಲದೆ ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಹೇಳಲೇಬೇಕಾದರೆ ಮಗುವಿನ ಎತ್ತರಕ್ಕೆ ಕೂತು, ಅದಕ್ಕೊಂದೇ ಕೇಳುವಂತೆ, ಮಾಡಬೇಕಾದ್ದನ್ನು ಹೇಳಬೇಕು. ‘ಓಡಬೇಡ’ ಎನ್ನುವಲ್ಲಿ ‘ನಡ್ಕೊಂಡು ಬಾ’. ಒಂದು ಸಲಕ್ಕೆ ಒಂದೇ ಸೂಚನೆ, ಆಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ ಕಾಯುವುದು. ಅಷ್ಟರೊಳಗೆ ಮತ್ತೆ ಮತ್ತೆ ಹೇಳಿದರೆ ಮೊದಲ ಮಾತೂ ಮಗುವಿನ ತಲೆಗೆ ಹೋಗುವುದಿಲ್ಲ. ಮಾಡಿದ ಮೇಲೆ ಬರೀ ‘ಜಾಣ’ ಎಂದರೆ ಯಾವುದಕ್ಕೆ ಎಂದು ಅದಕ್ಕೆ ತಿಳಿಯದು. ‘ಪೆನ್ಸಿಲ್ ಬಾಕ್ಸಲ್ಲಿಟ್ಟೆಯಲ್ಲ, ಸರಿಯಾಯ್ತು’ ಎಂದರೆ ತಿಳಿಯುತ್ತದೆ.

ಸಕಲೇಶಪುರ, ಮೂಡಿಗೆರೆ ಕಡೆ ಜುಲೈ ಮಳೆಯಲ್ಲಿ ತಗಡಿನ ಸೂರಿನ ಕೆಳಗೆ ಗಂಟಲು ಹರಿದುಕೊಂಡರೂ ಕೇಳುವುದಿಲ್ಲ. ನಾವು ಕೂಗಿದಷ್ಟೂ ಮಕ್ಕಳ ಸದ್ದೂ ಏರುತ್ತದೆ. ಕೈ ಎತ್ತಿದರೆ ಎಲ್ಲರೂ ಕೈ ಎತ್ತಿ ಸುಮ್ಮನಾಗುವ ಸನ್ನೆಯನ್ನು ಮಳೆ ಹಿಡಿಯುವ ಮೊದಲೇ, ದಿನಕ್ಕೆ ಎರಡು ಮೂರು ಸಲ ರೂಢಿ ಮಾಡಿಸಬೇಕು. ಇನ್ನು ನೂಕುನುಗ್ಗಲೆಲ್ಲ ಕ್ಷೀರಭಾಗ್ಯದ ಹಾಲಿಗೆ, ಬಿಸಿಯೂಟಕ್ಕೆ ಏಳುವಾಗ. ಐದಾರು ಮಕ್ಕಳಂತೆ ಬಿಟ್ಟು, ಒಬ್ಬರು ಬಾಗಿಲಲ್ಲಿ, ಇನ್ನೊಬ್ಬರು ನಲ್ಲಿಯ ಹತ್ತಿರ ನಿಂತರೆ ಅದು ತಪ್ಪುತ್ತದೆ.

ಒಂದೇ ಮಗು ಪದೇ ಪದೇ ತಂಟೆ ಮಾಡಿದರೆ ಎರಡು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ನಾವೇನು ಮಾಡಿದೆವು. ಜಗಳವೆಲ್ಲ ಬೆಳಗಿನ ಹಾಲಿಗೆ ಮುಂಚೆಯೇ ಆಗಿದ್ದರೆ ಮಗು ತಿಂಡಿ ತಿಂದು ಬರುತ್ತಿದೆಯೇ ಎಂದು ವಿಚಾರಿಸಬೇಕು. ಕರೆದರೂ ತಿರುಗದ ಮಗುವಿನ ಕಿವಿ ಸೋರುತ್ತಿರಬಹುದು. ಅಂಥವರನ್ನು ಶಾಲೆಗೆ ಬಂದು ಮಕ್ಕಳ ಆರೋಗ್ಯ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ವೈದ್ಯರಿಗೆ ತೋರಿಸಬೇಕು. ಕಾಫಿ ಕೊಯ್ಲಿನ ಕಾಲಕ್ಕೆ ಅಸ್ಸಾಂ ಕಡೆಯಿಂದ ಬಂದ ಕಾರ್ಮಿಕರ ಮಕ್ಕಳಿಗೆ ಕನ್ನಡವೇ ಅರ್ಥವಾಗದು. ಅವರದು ಹಟವೆಂದು ತಿಳಿಯುವುದು ಅನ್ಯಾಯ. ಕೆಲಸವನ್ನು ಮಾಡಿ ತೋರಿಸಬೇಕು, ಪಕ್ಕದಲ್ಲೊಂದು ಜೊತೆಗಾರ ಮಗುವನ್ನು ಕೂರಿಸಬೇಕು.

ಕಿವಿ ಹಿಂಡುವುದು, ಮಂಡಿಯೂರಿಸುವುದು, ಅಡ್ಡಹೆಸರಿಟ್ಟು ಹೀಯಾಳಿಸುವುದು ಇಂದಿಗೂ ನಿಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಇದನ್ನು ಸಹಾಯಕಿಯರಿಗೆ ಯಾರಾದರೂ ಹೇಳಬೇಕಲ್ಲವೇ?

ಎರಡೂ ಜಿಲ್ಲೆಗಳ ಡಯಟ್‌ಗಳು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು), ಕ್ಷೇತ್ರ ಶಿಕ್ಷಣಾಧಿಕಾರಿಗಳು ಮುಂದಿನ ತರಬೇತಿಗೆ ಸಹಾಯಕಿಯರನ್ನೂ ಕರೆಯಲಿ. ಖಾಸಗಿ ಆಡಳಿತ ಮಂಡಳಿಗಳು ಶನಿವಾರ ಮಕ್ಕಳು ಹೋದ ಮೇಲೆ ಅರ್ಧ ಗಂಟೆಯನ್ನು ಶಿಕ್ಷಕಿ, ಸಹಾಯಕಿಯರ ಮಾತುಕತೆಗೆಂದೇ ಮೀಸಲಿಡಲಿ, ಅದನ್ನು ಕೆಲಸದ ವೇಳೆಯೆಂದೇ ಲೆಕ್ಕ ಹಾಕಲಿ.

– ಓರ್ವ ಶಿಕ್ಷಕಿ, ಸಕಲೇಶಪುರ